ಹಿರಿಯರ ಖಿನ್ನತೆ ವಯಸ್ಸಿನ ಗುಣವಲ್ಲ

ಕೊರೊನಾ ಕಾಲದಿಂದಲೂ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿರುವ ಸಂದೇಶವೊಂದರ ಸಾರ ಇಷ್ಟು: ವಯಸ್ಸಾದವರು, ದೀರ್ಘಕಾಲದ ಕಾಯಿಲೆಯವರು ಮಂಕಾಗಿರುವುದು ಸಹಜ, ಅದಕ್ಕೆ ಮಾತ್ರೆ ಕೊಟ್ಟರೆ ಚಟವಾಗುತ್ತದೆ. ಕಾಳಜಿಯಿಂದಲೇ ಹಂಚಿಕೊಳ್ಳುವ ಈ ಮಾತಿನ ಎರಡೂ ಭಾಗಗಳು ತಪ್ಪು.

2020ರಲ್ಲಿ 65 ದಾಟಿದವರು ಮತ್ತು ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಮನೆಯಲ್ಲೇ ಇರಬೇಕೆಂಬ ಸೂಚನೆ ಬಂದಾಗ ದೇವಸ್ಥಾನದ ಕಟ್ಟೆ, ಸಂಜೆಯ ನಡಿಗೆ, ಮೊಮ್ಮಕ್ಕಳ ಭೇಟಿ ಒಟ್ಟಿಗೇ ನಿಂತವು. ಆಗ ಬೇಸರವಾದದ್ದು ಸಹಜವೇ. ಆದರೆ ಎರಡು ವಾರ ಕಳೆದರೂ ನಿದ್ದೆ, ಹಸಿವು, ಆಸಕ್ತಿ ಮರಳದಿದ್ದರೆ ಅದು ಖಿನ್ನತೆ ಇರಬಹುದು, ಮತ್ತು ಅದಕ್ಕೆ ಚಿಕಿತ್ಸೆಯಿದೆ. ಎಷ್ಟೋ ಹಿರಿಯರು ದುಃಖವಾಗಿದೆ ಎನ್ನುವುದಿಲ್ಲ, ಮೈಕೈ ನೋವು ಎನ್ನುತ್ತಾರೆ. ಲೋಟದಲ್ಲಿ ಆರಿ ಕೆನೆಗಟ್ಟಿದ ಕಾಫಿ, ಡಬ್ಬಿಯಲ್ಲಿ ಹಾಗೇ ಉಳಿದ ಬುಧವಾರದ ಸಕ್ಕರೆ ಮಾತ್ರೆ: ಮನೆಯವರ ಕಣ್ಣಿಗೆ ಮೊದಲು ಬೀಳಬೇಕಾದವು ಇವೇ. ಥೈರಾಯ್ಡ್ ತೊಂದರೆ, ಬಿ12 ಕೊರತೆಯೂ ಹೀಗೇ ಕಾಣಿಸಬಹುದಾದ್ದರಿಂದ ವೈದ್ಯರು ರಕ್ತಪರೀಕ್ಷೆಯನ್ನೂ ಹೇಳಬಹುದು.

ಚಟದ ಭಯ ಹುಟ್ಟಿದ್ದು ಬಹುಶಃ ನಿದ್ರೆ ಮಾತ್ರೆಗಳಿಂದ. ಅವುಗಳಲ್ಲಿ ಕೆಲವು ಅಭ್ಯಾಸವಾಗುವುದು ನಿಜ. ಖಿನ್ನತೆಯ ಮಾತ್ರೆಗಳು ಬೇರೆ ವರ್ಗದವು, ಚಟ ಹಿಡಿಸುವಂಥವಲ್ಲ. ಆದರೆ ಹಠಾತ್ತನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬರಬಹುದಾದ್ದರಿಂದ ವೈದ್ಯರ ಸಲಹೆಯಂತೆ ಹಂತಹಂತವಾಗಿ ನಿಲ್ಲಿಸಬೇಕು.

ಇಂಥ ಸಂದೇಶ ಬಂದಾಗ ಅದರಲ್ಲಿ ದಿನಾಂಕ, ಮಾತ್ರೆಯ ಹೆಸರು, ಹೇಳಿದವರ ಗುರುತು ಇದೆಯೇ ನೋಡಿ. ಚೀಟಿಯಲ್ಲಿರುವ ಮಾತ್ರೆಯ ಹೆಸರನ್ನೇ ಹಿಡಿದು ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.