ದಪ್ಪ ತಿರುಪು, ಸಣ್ಣ ತಿರುಪು

ನಾನು ಮೈಕ್ರೋಸ್ಕೋಪಿನ ಚಿತ್ರ ಬರಿಯೋದು ಕಲ್ತಿದ್ದು ಮೈಕ್ರೋಸ್ಕೋಪ್ ಕಣ್ಣಲ್ಲಿ ನೋಡೋಕೆ ಒಂದೂವರೆ ವರ್ಷ ಮುಂಚೆ. ತಿಪಟೂರು ಕಡೆ ಒಂದು ಹೈಸ್ಕೂಲು, ತೊಂಬತ್ತರ ದಶಕದ ಶುರು, ಕನ್ನಡ ಮೀಡಿಯಂ. "ಸಂಯುಕ್ತ ಸೂಕ್ಷ್ಮದರ್ಶಕದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಅಂತ ಪ್ರಶ್ನೆ ಬಂದೇ ಬರುತ್ತೆ ಅಂತ ಮೇಷ್ಟ್ರು ಹೇಳಿದ್ರು, ಹಾಗಾಗಿ ನಾವೆಲ್ಲ ದಿನಾ ಬರ್ದೂ ಬರ್ದೂ ಪೆನ್ಸಿಲ್ ಸವೆಸಿದ್ವಿ. ನಂದು ಒಂದ್ಸಲ ಅಜ್ಜಿ ನೋಡಿ "ಬೋರ್‌ವೆಲ್ ಚೆನ್ನಾಗ್ ಬರ್ದಿದೀಯ ಕಣಪ್ಪ, ಹಿಡಿ ಒಂದು ಸ್ವಲ್ಪ ಉದ್ದ ಮಾಡು, ಹೆಂಗಸ್ರಿಗೆ ಹೊಡಿಯೋಕೆ ಸಲೀಸಾಗುತ್ತೆ" ಅಂದಿದ್ರು.

ಭಾಗಗಳ ಹೆಸ್ರು ಮಾತ್ರ ಬಾಯಲ್ಲಿ ಪಟಪಟ ಉದುರ್ತಿತ್ತು. ನೇತ್ರ ಮಸೂರ, ವಸ್ತು ಮಸೂರ, ಬಾಹು, ಪಾದ, ವೇದಿಕೆ, ದರ್ಪಣ. ಬರೀ ಹೆಸ್ರು ಕೇಳಿದ್ರೆ ಯಾರಾದ್ರೂ ಭರತನಾಟ್ಯದ ಪ್ರೋಗ್ರಾಂ ಅಂದ್ಕೋಬೇಕು. ನನ್ನ ಪಕ್ಕ ಕೂರ್ತಿದ್ದ ಹುಡುಗನಿಗೆ ಇನ್ನೂ ಮೂಲದಲ್ಲೇ ಡೌಟು, ಶಬ್ದಕೋಶ ಅಂದ್ರೆ ಡಿಕ್ಷನರಿ ಆದ್ರೆ ಜೀವಕೋಶ ಅಂದ್ರೆ ಏನ್ ಸಾರ್, ಅದ್ರಲ್ಲೂ ಪದ ಇರುತ್ತಾ ಅಂತ ಕೇಳಿ ಕಿವಿ ಹಿಂಡಿಸ್ಕೊಂಡಿದ್ದ. ಈಗ ಅನ್ಸುತ್ತೆ ಅದು ಅಷ್ಟೇನೂ ದಡ್ಡ ಪ್ರಶ್ನೆ ಆಗಿರ್ಲಿಲ್ಲ.

ಅಸಲಿ ಮೈಕ್ರೋಸ್ಕೋಪ್ ಇದ್ದಿದ್ದು ಹೆಡ್‌ಮೇಷ್ಟ್ರ ರೂಮಿನ ಬೀರುವಲ್ಲಿ, ಒಂದು ಮರದ ಪೆಟ್ಟಿಗೆಯೊಳಗೆ. ಬೀರುವಿನ ಕೀ ಅಟೆಂಡರ್ ಹತ್ರ, ಅಟೆಂಡರ್ ಯಾವಾಗ್ಲೂ ಪೋಸ್ಟಾಫೀಸ್ ಹತ್ರ. ಒಂಬತ್ತನೇ ಕ್ಲಾಸಲ್ಲಿ ಇನ್ಸ್‌ಪೆಕ್ಷನ್ ಬರ್ತಿದೆ ಅಂತ ಗೊತ್ತಾದ ವಾರ ಅದು ಹೊರಗೆ ಬಂತು. ಮೇಷ್ಟ್ರು ಒಂದು ಕೈಲಿ ಬಾಹು ಹಿಡ್ದು ಇನ್ನೊಂದು ಕೈ ಪಾದದ ಕೆಳಗೆ ಕೊಟ್ಟು, ಬಾಣಂತಿ ಕೈಯಿಂದ ಮಗು ಇಸ್ಕೊಂಡ ಹಾಗೆ ತಂದು ಕಿಟಕಿ ಪಕ್ಕದ ಟೇಬಲ್ ಮೇಲೆ ಇಟ್ರು. ಹಂಗೇ ಎತ್ಬೇಕು ಅದನ್ನ, ಒಂದೇ ಕೈಲಿ ನೇತಾಡಿಸ್ಕೊಂಡು ಬಂದ್ರೆ ನೇತ್ರ ಮಸೂರ ಜಾರಿ ನೆಲಕ್ಕೆ ಬೀಳುತ್ತೆ. ಪೆಟ್ಟಿಗೆ ಮೇಲೆ ಅಂಬಾಲಾ ಕ್ಯಾಂಟ್ ಅಂತ ಇತ್ತು. ನಾವು ಅದು ಮೈಕ್ರೋಸ್ಕೋಪ್ ಕಂಡುಹಿಡಿದವನ ಹೆಸ್ರು ಅಂದ್ಕೊಂಡಿದ್ವಿ. ಹರಿಯಾಣದ ಊರು ಅಂತೆ, ದೇಶದ ಎಷ್ಟೋ ಸ್ಕೂಲಿನ ಲ್ಯಾಬ್ ಸಾಮಾನು ಅಲ್ಲಿಂದಲೇ ಬರೋದು ಅಂತ ಗೊತ್ತಾಗಿದ್ದು ತುಂಬಾ ವರ್ಷ ಆದ್ಮೇಲೆ.

ಮೇಲಿನ ಮಸೂರದ ಮೇಲೆ 10, ಕೆಳಗಡೆ ತಿರುಗೋ ಗಾಲಿಯಲ್ಲಿ ಒಂದರ ಮೇಲೆ 10, ಇನ್ನೊಂದರ ಮೇಲೆ 45 ಅಂತ ಬರ್ದಿತ್ತು. ಎರಡನ್ನೂ ಗುಣಿಸ್ಬೇಕು, ಹತ್ತು ನಲವತ್ತೈದ್ಲೆ 450 ಪಟ್ಟು ದೊಡ್ಡದಾಗಿ ಕಾಣುತ್ತೆ ಅಂದ್ರು ಮೇಷ್ಟ್ರು. ಜೀವಕೋಶದ ಡೌಟಿನ ಹುಡುಗ ತಕ್ಷಣ ಲೆಕ್ಕ ಹಾಕ್ದ, ಹತ್ತು ಪೈಸೆ ನಾಣ್ಯ ಇದ್ರಡಿ ಇಟ್ರೆ 45 ರೂಪಾಯಿ. ಆ ಕಾಲಕ್ಕೆ ಇಡೀ ಬೆಂಚಿಗೆ ತಿಂಗಳಿಡೀ ಬೋಂಡ ಆಗೋ ದುಡ್ಡು.

ಈರುಳ್ಳಿ ಮಾತ್ರ ಸುಲಭವಾಗಿ ಸಿಕ್ತು. ತುಂಡಿನ ಒಳಮೈ ಕಡೆಯಿಂದ ತೆಳ್ಳನೆ ಸಿಪ್ಪೆ ಎಳ್ದು, ಗಾಜಿನ ಪಟ್ಟಿ ಮೇಲೆ ನೀರಿನ ಹನಿಯಲ್ಲಿ ಹಾಸಿ, ಸ್ಯಾಫ್ರನಿನ್ ಅನ್ನೋ ಕೆಂಪು ಬಣ್ಣ ಒಂದೇ ಒಂದು ತೊಟ್ಟು ಹಾಕಿ, ಮೇಲೆ ಕವರ್‌ಸ್ಲಿಪ್ ಅನ್ನೋ ತೆಳು ಗಾಜು ಮುಚ್ಚೋದು. ಒಂದೇ ಒಂದು ತೊಟ್ಟು ಅಂತ ಮೇಷ್ಟ್ರು ಮೂರು ಸಲ ಹೇಳಿದ್ರು. ನನಗೆ ಕೇಳ್ಸಿದ್ದು ತೊಟ್ಟು ಅನ್ನೋದು ಮಾತ್ರ. ಸೋಮವಾರದ ಬಿಳಿ ಶರ್ಟು, ಮೂರೂ ಗುಂಡಿ ಪಕ್ಕ ಕೆಂಪು ಕೆಂಪು, ಮನೆಗೆ ಹೋದಾಗ ಅಮ್ಮ ಯಾರ ಜೊತೆ ಹೊಡೆದಾಡ್ಕೊಂಡೆ ಅಂತ ಮೊದ್ಲು ಬೆನ್ನಿಗೆ ಗುದ್ದಿ ಆಮೇಲೆ ಗಾಯ ಹುಡುಕಿದ್ರು.

ಕವರ್‌ಸ್ಲಿಪ್ ಓರೆಯಾಗಿ ಹಿಡ್ದು ಸೂಜಿ ಕೊಟ್ಟು ಮೆಲ್ಲಗೆ ಇಳಿಸ್ಬೇಕು. ನಾನು ಕೇರಂ ಬೋರ್ಡ್ ಮೇಲೆ ಪಾನ್ ಇಟ್ಟ ಹಾಗೆ ಟಪ್ ಅಂತ ಇಟ್ಟೆ, ಒಳಗೆ ಗಾಳಿ ಸಿಕ್ಕಾಕ್ಕೊಳ್ತು. ಆಮೇಲೆ ದರ್ಪಣ. ನಮ್ಮದ್ರಲ್ಲಿ ಬಲ್ಬು ಗಿಲ್ಬು ಇಲ್ಲ, ಕಿಟಕಿ ಬೆಳಕನ್ನ ಕನ್ನಡಿಯಲ್ಲಿ ಹಿಡಿದು ಮೇಲಕ್ಕೆ ಕಳಿಸ್ಬೇಕು. ಕನ್ನಡಿಗೆ ಎರಡು ಮುಖ, ಒಂದು ಚಪ್ಪಟೆ, ಇನ್ನೊಂದು ತಗ್ಗು, ತಗ್ಗಿರೋದು ಬೆಳಕನ್ನ ಒಂದೆಡೆ ಸೇರ್ಸುತ್ತೆ. ಸೂರ್ಯನಿಗೆ ನೇರ ಹಿಡಿಯೋ ಹಾಗಿಲ್ಲ, ಕಣ್ಣು ಹೋಗುತ್ತೆ. ಇಷ್ಟೆಲ್ಲ ಸರಿ ಮಾಡಿ ಬಗ್ಗಿ ನೋಡಿದ್ರೆ ಕಗ್ಗತ್ತಲು. ಐದು ನಿಮಿಷ ಕನ್ನಡಿ ತಿರುಗ್ಸಿ ತಿರುಗ್ಸಿ ಸಾಕಾಗಿ ತಲೆ ಎತ್ತಿದ್ರೆ ಕಿಟಕಿಯಾಚೆ ಎಂಟನೇ ಕ್ಲಾಸಿನವರು ಹದಿನೈದು ಜನ ಮುಖ ಒತ್ಕೊಂಡು ನಿಂತವ್ರೆ.

ಅವರನ್ನ ಓಡ್ಸಿದ ಮೇಲೆ ಕಂಡಿದ್ದು ನಿಜಕ್ಕೂ ಅದ್ಭುತ. ಒಂದು ಗುಂಡಗಿನ ವಸ್ತು, ಸುತ್ತ ದಪ್ಪ ಕಪ್ಪು ಅಂಚು, ನಡುವೆ ಫಳಫಳ ಹೊಳಪು. ಬೇರೆಯವರೆಲ್ಲ ಪೇಚಾಡ್ತಿದ್ರೆ ನಾನು ಪುಟದ ತುಂಬ ಬರ್ದು, ಬಾಣದ ಗುರುತು ಹಾಕಿ, ಕೋಶಕೇಂದ್ರ ಅಂತ ಅಂದವಾಗಿ ಬರ್ದೆ. ಮೇಷ್ಟ್ರು ಬಗ್ಗಿ ನೋಡಿದ್ರು, ನನ್ನ ಚಿತ್ರ ನೋಡಿದ್ರು, ಮತ್ತೆ ಬಗ್ಗಿ ನೋಡಿದ್ರು. "ಇದು ಗಾಳಿ ಗುಳ್ಳೆ ಕಣೋ. ನಿನ್ನ ತಲೇಲಿರೋದೇ ಇಲ್ಲೂ ಇದೆ."

ಅವಮಾನಕ್ಕೆ 45ರ ಮಸೂರ ತಿರುಗ್ಸಿಬಿಟ್ಟೆ. ಇಲ್ಲೇ ಇರೋದು ವಿಷ್ಯ. ಮೈಕ್ರೋಸ್ಕೋಪಿಗೆ ಎರಡು ತಿರುಪು, ಪುಸ್ತಕದಲ್ಲಿ ಏನೋ ಗಂಭೀರವಾದ ಹೆಸ್ರಿತ್ತು, ನಾವು ಕರೀತಿದ್ದಿದ್ದು ದಪ್ಪ ತಿರುಪು, ಸಣ್ಣ ತಿರುಪು. ದಪ್ಪದ್ದು ತಿರುಗ್ಸಿದ್ರೆ ಕೊಳವೆ ದಡಬಡ ಇಳಿಯುತ್ತೆ, ಸಣ್ಣದು ತಿರುಗ್ಸಿದ್ರೆ ಇಳೀತೋ ಇಲ್ವೋ ಅನ್ನೋ ಹಾಗೆ. 45ರ ಮಸೂರಕ್ಕೂ ಗಾಜಿಗೂ ನಡುವೆ ಒಂದು ಮಿಲಿಮೀಟರ್ ಕೂಡ ಜಾಗ ಇರಲ್ಲ, ಅಲ್ಲಿ ಸಣ್ಣದೊಂದನ್ನೇ ಮುಟ್ಟಬೇಕು. ಇದೆಲ್ಲ ನನಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು, ಎರಡೂ ತಿರುಪಿಗೂ ಬಾಣ ಎಳ್ದು ಹೆಸ್ರು ಬರ್ದು ಟೆಸ್ಟಲ್ಲಿ ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಆದ್ರೆ ಕಣ್ಣು ಮೇಲೆ ಅಂಟ್ಕೊಂಡಿದ್ದಾಗ ಕೈಗೆ ಸಿಗೋದು ದಪ್ಪದ್ದೇ. ಕಟ್ ಅಂತ ಸಣ್ಣ ಸದ್ದು, ಹಪ್ಪಳ ಮುರಿದ ಹಾಗೆ. ಕವರ್‌ಸ್ಲಿಪ್ ನಾಲ್ಕು ಚೂರು. ಮೇಷ್ಟ್ರು ಬೈಲಿಲ್ಲ, ಮಸೂರವನ್ನ ಬೆಳಕಿಗೆ ಹಿಡಿದು ಗೀರು ಬಿದ್ದಿದೆಯಾ ಅಂತ ನೋಡ್ತಾ ಇದ್ರು, ಆ ಮುಖ ನೋಡಿದ್ರೆ ಬೈದಿದ್ರೇ ವಾಸಿ ಇತ್ತು. ಸಂಜೆಯೊಳಗೆ ಅದು ಮತ್ತೆ ಪೆಟ್ಟಿಗೆ ಸೇರ್ತು, ಎಸ್ಸೆಸ್ಸೆಲ್ಸಿ ಮುಗಿಯೋವರ್ಗೂ ನಾನದನ್ನ ನೋಡಿಲ್ಲ.

ಇದೆಲ್ಲ ಯಾಕೆ ನೆನಪಾಯ್ತು ಅಂದ್ರೆ ಹೋದ ತಿಂಗಳು ಮಗಳಿಗೆ ಸ್ಕೂಲಲ್ಲಿ ಇದೇ ಪಾಠ ಬಂತು. ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ನಾನು ಹೇಳ್ಕೊಡ್ತೀನಿ ಬಾ ಅಂತ ಕೂತೆ. ಮಸೂರ ಕಚ್ಚಿಸೋ ಗಾಲಿಗೆ ಅವಳ ಪುಸ್ತಕದಲ್ಲಿ ನೋಸ್‌ಪೀಸ್ ಅಂತ ಇದೆ, ಬಾಹು ಪಾದ ನೇತ್ರ ಇದ್ದಿದ್ದು ಗೊತ್ತಿತ್ತು, ಮೂಗು ಎಲ್ಲಿಂದ ಬಂತೋ. "ಅಪ್ಪಾ, ನಿಂಗೆ ಗೊತ್ತಿಲ್ಲ ಅಂದ್ರೆ ಹೇಳು ಪರ್ವಾಗಿಲ್ಲ" ಅಂದ್ಳು. ಈ ಮಾತಿಗೆ ಯಾವ ಅಪ್ಪ ಸುಮ್ನಿರ್ತಾನೆ, ಅವತ್ತೇ ರಾತ್ರಿ ಆನ್‌ಲೈನಲ್ಲಿ ಒಂದು ಮೈಕ್ರೋಸ್ಕೋಪ್ ಆರ್ಡರ್ ಮಾಡ್ದೆ. ಹೆಂಡತಿ "ರೀ, ಮಿಕ್ಸಿ ಜಾರ್ ರಿಪೇರಿ ಮಾಡ್ಸಿ ಅಂತ ಮೂರು ತಿಂಗಳಿಂದ ಹೇಳ್ತಿದೀನಿ" ಅಂದಿದ್ದು ಕೇಳ್ಸಿತು, ಕೇಳ್ಸದ ಹಾಗೆ ಇದ್ದೆ.

ಬರೋವರ್ಗೂ ಮಗಳಿಗೆ ಕಥೆ ಹೇಳ್ತಿದ್ದೆ. ರಾಬರ್ಟ್ ಹುಕ್ 1665ರಲ್ಲಿ ಬೆಂಡು ಕೊಯ್ದು ನೋಡಿ ಜೇನುಗೂಡಿನ ಹಾಗಿರೋ ಖಾನೆಗಳನ್ನ ಬರ್ದಿದ್ದು, ಹಾಲೆಂಡಿನ ಡೆಲ್ಫ್ಟಲ್ಲಿ ಲೀವನ್‌ಹಾಕ್ ಅನ್ನೋ ಬಟ್ಟೆ ವ್ಯಾಪಾರಿ ತನ್ನ ಹಲ್ಲಿನ ಕೊಳೆ ಕೆರೆದು ನೋಡಿ ಅದ್ರಲ್ಲಿ ಓಡಾಡೋ ಜೀವಿಗಳನ್ನ ಕಂಡಿದ್ದು. ಅವನದ್ದು ಒಂದೇ ಮಸೂರ, ಅಂಗೈಲಿ ಹಿಡಿಯೋ ಅಷ್ಟು ಲೋಹದ ತಗಡು, ವಸ್ತು ಚುಚ್ಚೋಕೆ ಒಂದು ಮೊನೆ, ಒಂದೆರಡು ತಿರುಪು. ಭಾಗ ಗುರುತಿಸಿ ಅಂದ್ರೆ ಐದು ಬಾಣಕ್ಕೆ ಮುಗೀತು, ಪುಣ್ಯಾತ್ಮ. ಮಗಳಿಗೆ ನೆನಪಿರೋದು ಹಲ್ಲಿನ ಕೊಳೆ ಮಾತ್ರ, ಹಲ್ಲುಜ್ಜು ಅಂದಾಗ್ಲೆಲ್ಲ ಸೈನ್ಸಿಗೆ ಬೇಕು ಅಂತಾಳೆ.

ಭಾನುವಾರ ಡಬ್ಬಿ ಬಿಚ್ಚಿದ್ವಿ. ಇದ್ರಲ್ಲಿ ಕನ್ನಡಿ ಜಾಗಕ್ಕೆ ಎಲ್‌ಇಡಿ, ಕಿಟಕಿ ಹುಡುಗರ ಕಾಟ ಇಲ್ಲ. ಅಡುಗೆಮನೆಯಿಂದ ಈರುಳ್ಳಿ, ಸ್ಯಾಫ್ರನಿನ್ ಒಂದೇ ತೊಟ್ಟು, ಅದೂ ನಾನು ಹಳೇ ಬನಿಯನ್ ಹಾಕ್ಕೊಂಡು. ಕವರ್‌ಸ್ಲಿಪ್ ಓರೆಯಾಗಿ ಇಳಿಸ್ದೆ, ಗುಳ್ಳೆ ಇಲ್ಲ. ಮೊದ್ಲು 10ರಲ್ಲೇ ನೋಡ್ಬೇಕು ಕಂದ, ಪಕ್ಕದಿಂದ ನೋಡ್ತಾ ಹತ್ರ ತಂದು, ಆಮೇಲೆ ಕಣ್ಣಿಟ್ಟು ದೂರ ಮಾಡ್ತಾ ಹೋಗ್ಬೇಕು, ಕೊಳವೆ ಮೇಲಕ್ಕೆ ಹೋಗ್ಲಿ, ಆಗ ಗಾಜು ಒಡಿಯಲ್ಲ, ಇದು ನಿಮ್ಮಪ್ಪನ ಅನುಭವ ಅಂತ ಭಾಷಣ ಮಾಡ್ತಾ ಕಣ್ಣಿಟ್ಟು ದಪ್ಪ ತಿರುಪನ್ನ ಮೇಲಕ್ಕೆ ತಿರುಗ್ಸಿದೆ.

ಕಟ್.

ಈಗಿನ ಮೈಕ್ರೋಸ್ಕೋಪಲ್ಲಿ ಕೊಳವೆ ಅಲ್ಲಾಡೋದೇ ಇಲ್ಲ ಅಂತೆ, ವೇದಿಕೆನೇ ಮೇಲೆ ಬರುತ್ತೆ. ಹಾಗಂತ ಮಗಳು ಡಬ್ಬಿ ಜೊತೆ ಬಂದಿದ್ದ ಚೀಟಿ ಓದಿ ಹೇಳಿದ್ಳು, ನಾನು ಒಡೆದ ಮೇಲೆ.

ಎರಡನೇ ಸ್ಲೈಡು ಅವಳೇ ಮಾಡಿದ್ಳು, ನನ್ನನ್ನ ಎರಡಡಿ ದೂರ ಕೂರ್ಸಿ. ಎರಡು ನಿಮಿಷಕ್ಕೆ "ಬಂತು" ಅಂದ್ಳು. ನಾನೂ ನೋಡ್ದೆ, ಸಾಲಾಗಿ ಉದ್ದುದ್ದ ಕೋಣೆಗಳು, ಒಂದೊಂದ್ರಲ್ಲೂ ಕೆಂಪು ಚುಕ್ಕೆ, ಅಸಲಿ ಕೋಶಕೇಂದ್ರ. ನೋಡ್ತಾ ನೋಡ್ತಾ ಸ್ಲೈಡ್ ಸ್ವಲ್ಪ ಎಡಕ್ಕೆ ತಳ್ದೆ, ಚಿತ್ರ ಬಲಕ್ಕೆ ಓಡ್ತು. ತಲೆಕೆಳಗಾಗಿ ಕಾಣೋದ್ರಿಂದ ಹಂಗೆ. ಮಗಳು "ಮುಟ್ಬೇಡ ಅಂದೆ ತಾನೆ" ಅಂದ್ಳು.

ಅಮ್ಮನೂ ಕನ್ನಡಕ ತೆಗೆದು ಬಗ್ಗಿ ನೋಡಿದ್ರು. ತುಂಬಾ ಹೊತ್ತು ನೋಡಿದ್ರು.

"ಇಟ್ಟಿಗೆ ಗೋಡೆ ಕಟ್ಟಿದಂಗಿದೆ ಕಣೋ, ಗಾರೆಯವನು ಅಚ್ಚುಕಟ್ಟಾಗಿ ಕಟ್ಟವ್ನೆ. ಸರಿ, ಉಳಿದರ್ಧ ಈರುಳ್ಳಿ ಎಲ್ಲಿ, ಕೊಡು, ಹುಳಿಗೆ ಹಾಕ್ತೀನಿ. ಆ ಕೆಂಪು ಕೈಲಿ ಮುಟ್ಬೇಡ, ಅವಳ ಕೈಲಿ ಕೊಡ್ಸು."