ಗಿಟಾರಿಗೆ ಹಳೇ ಪಿಕಪ್ಪೇ ಬೇಕಾ, ಅದರ ಹೊಸ ನಕಲು ಸಾಕಾ?

ಪರ: ಹಳೇದೇ ಬೇಕು
(ಬರೆದವರು ಚಿಕ್ಕಮಗಳೂರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವರು)

ನನ್ನ ಗಿಟಾರಿನ ಪಿಕಪ್, ಅಂದರೆ ತಂತಿಯ ಅದುರನ್ನು ಹಿಡಿದು ಕರೆಂಟ್ ಮಾಡುವ ಭಾಗ, ಅದರ ಮೇಲೆ ಒಂದು ಲೋಹದ ಮುಚ್ಚಳ ಇದೆ. ಅದನ್ನು ಉಗುರಿನಿಂದ ಟಕ್ ಅಂತ ಕುಟ್ಟಿ. ಆ ಟಕ್ ಆಂಪ್‌ನಲ್ಲಿ, ಅಂದರೆ ಸದ್ದು ಜೋರು ಮಾಡುವ ಪೆಟ್ಟಿಗೆಯಲ್ಲಿ, ಕೇಳುತ್ತದೆ. ಈಗಿನ ಬಹಳಷ್ಟು ಪಿಕಪ್‌ಗಳನ್ನು ಹೀಗೆ ಕುಟ್ಟಿದರೆ ಏನೂ ಕೇಳುವುದಿಲ್ಲ. ಕಾಯಿಲ್ (ವೈರಿನ ಸುರುಳಿ) ಸುತ್ತಿದ ಮೇಲೆ ಬಿಸಿ ಮೇಣದಲ್ಲಿ ಅದ್ದಿ ತೆಗೆಯುತ್ತಾರೆ, ಒಳಗಿನ ವೈರ್ ಅಲುಗಬಾರದು ಅಂತ. ನನ್ನದರಲ್ಲಿ ಮೇಣ ಇಲ್ಲ. ಜಾಸ್ತಿ ಜೋರಾಗಿ ಇಟ್ಟರೆ ಕುಯ್ ಅಂತ ಕಿರುಚುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ತಂತಿಗೆ ಬೆರಳು ತಾಗುವ ಸದ್ದು, ಮರದ ಸದ್ದು, ಎಲ್ಲ ಅದರ ಜೊತೆಗೇ ಬರುತ್ತದೆ.

ಈ ಗಿಟಾರ್ ಸಿಕ್ಕಿದ್ದು ಆಲ್ದೂರು ಕಡೆಯ ಒಂದು ತೋಟದ ಮನೆಯಲ್ಲಿ. ಅಲ್ಲಿನ ಹಿರಿಯರೊಬ್ಬರು ವಿದೇಶದಿಂದ ತಂದದ್ದಂತೆ. 60ರ ದಶಕದ, ಗಿಬ್ಸನ್ ಕಂಪನಿಯ ಎಸ್‌ಜಿ ಮಾದರಿ. ಅಟ್ಟದಲ್ಲಿ ಕಾಳುಮೆಣಸಿನ ಮೂಟೆಗಳ ಪಕ್ಕ ಮಲಗಿತ್ತು. ಪೆಟ್ಟಿಗೆ ತೆಗೆದಾಗ ಮೊದಲು ಬಂದದ್ದು ಸೀನು.

ಪಿಕಪ್ ಅಂದರೆ ಬ್ರಹ್ಮವಿದ್ಯೆ ಅಲ್ಲ. ಒಂದು ಅಯಸ್ಕಾಂತ, ಜೊತೆಗೆ ಸಾವಿರಾರು ಸುತ್ತು ತಾಮ್ರದ ವೈರ್. ಮೇಲೆ ಉಕ್ಕಿನ ತಂತಿ ಅದುರಿದರೆ ಕಾಯಿಲ್‌ನಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಒಂದೇ ಕಾಯಿಲ್ ಇದ್ದರೆ ಟ್ಯೂಬ್‌ಲೈಟು, ಟ್ರಾನ್ಸ್‌ಫಾರ್ಮರಿನ ಗುಂಯ್ ಶಬ್ದವನ್ನೂ ಹಿಡಿದುಕೊಂಡು ಬರುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಕಾಯಿಲ್‌ಗಳನ್ನು ತಿರುಗುಮುರುಗಾಗಿ ಜೋಡಿಸಿ ಆ ಗುಂಯ್ ಕಳೆದರು. ಇಂಗ್ಲಿಷಿನಲ್ಲಿ ಆ ಗುಂಯ್‌ಗೆ ಹಮ್ ಅಂತಾರೆ, ಅದಕ್ಕೇ ಈ ಪಿಕಪ್‌ಗೆ ಹಂಬಕರ್ ಅನ್ನುವ ಹೆಸರು. 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, ಸಿಕ್ಕಿದ್ದು 1959ರಲ್ಲಿ. ಪೇಟೆಂಟ್‌ಗೆ ಅರ್ಜಿ ಹಾಕಿದೆ (ಪೇಟೆಂಟ್ ಅಪ್ಲೈಡ್ ಫಾರ್) ಅಂತ ಹಿಂಬದಿಗೆ ಸ್ಟಿಕರ್ ಅಂಟಿಸಿದ ಆ ಕಾಲದ ಪಿಕಪ್‌ಗಳನ್ನೇ ಇವತ್ತು ಪಿಎಎಫ್ ಅಂತ ಕರೆದು ಪೂಜೆ ಮಾಡುವುದು.

ಪೂಜೆಗೆ ಕಾರಣ ಇದೆ. ಆಗ ಸುತ್ತು ಎಣಿಸುವುದು ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. ಒಂದು ಕಾಯಿಲ್‌ಗೆ ಸುಮಾರು 5,000 ಸುತ್ತು. ಒಂದಕ್ಕೆ ನೂರಿನ್ನೂರು ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಅಯಸ್ಕಾಂತವೂ ಹಾಗೇ, ಆ ದಿನ ಕೈಗೆ ಸಿಕ್ಕಿದ ಅಲ್ನಿಕೊ ಅನ್ನುವ ಮಿಶ್ರಲೋಹದ್ದು. ಒಂದರಲ್ಲಿ ಎರಡನೇ ನಂಬರಿನದು, ಇನ್ನೊಂದರಲ್ಲಿ ಐದನೆಯದು. ಎರಡು ಕಾಯಿಲ್ ಸಮ ಇಲ್ಲದಿದ್ದರೆ ಗುಂಯ್ ಪೂರ್ತಿ ಹೋಗುವುದಿಲ್ಲ. ಆದರೆ ದನಿಯ ಮೇಲ್ತುದಿ, ಅಂದರೆ ಚೂಪು ಸದ್ದು ಕೂಡ ಪೂರ್ತಿ ಹೋಗುವುದಿಲ್ಲ, ಒಂದು ಚೂರು ಹೊಳಪು ಉಳಿಯುತ್ತದೆ. ಹೀಗಾಗಿ ಒಂದರ ಹಾಗೆ ಇನ್ನೊಂದಿಲ್ಲ. ಒಂದೇ ತೋಟದ ಕಾಫಿ ಎರಡು ಕಣದಲ್ಲಿ ಒಣಗಿದರೆ ಲೋಟದಲ್ಲಿ ಗೊತ್ತಾಗುತ್ತೆ, ಅಲ್ವಾ?

ನಕಲು ಮಾಡುವವರು ಏನು ಮಾಡುತ್ತಾರೆ? ಚೆನ್ನಾಗಿರುವ ಒಂದನ್ನು ಆರಿಸಿ, ಅಳೆದು, ಅದೇ ಥರ ಸಾವಿರ ಮಾಡುತ್ತಾರೆ. ಆ ಒಂದರ ನಕಲು ಸಿಕ್ಕಿತು. ಮಿಕ್ಕವು?

ಹೋದ ಗಣಪತಿ ಹಬ್ಬದಲ್ಲಿ ಒಂದು ಪೆಂಡಾಲ್. ಮಳೆ ಹನಿಯುತ್ತಿತ್ತು. ಗಾಯಕಿ ಒಂದು ಹಳೇ ಮೆಲುಹಾಡು ಎತ್ತಿಕೊಂಡರು. ಗಿಟಾರಿನಲ್ಲಿರುವ ಎರಡು ಪಿಕಪ್‌ಗಳಲ್ಲಿ ನಾನು ಕತ್ತಿನ ಕಡೆಯ ನೆಕ್ ಪಿಕಪ್‌ಗೆ ಹಾಕಿ, ವಾಲ್ಯೂಮ್ 10ರಿಂದ 4ಕ್ಕೆ ಇಳಿಸಿದೆ. ದನಿ ಸಣ್ಣಗಾಗಲಿಲ್ಲ, ತಿಳಿಯಾಯಿತು. ಹೆಂಡತಿಗೆ ಮಾತ್ರ ಕೇಳಿಸುವ ಹಾಗೆ ಮಾತಾಡುತ್ತೇವಲ್ಲ, ಹಾಗೆ. ಗಾಯಕಿ ಹಾಡುತ್ತಲೇ ಒಮ್ಮೆ ತಿರುಗಿ ನನ್ನ ಕೈ ನೋಡಿದರು. ಮೂವತ್ತು ವರ್ಷದಲ್ಲಿ ಯಾರೂ ಹಾಗೆ ನೋಡಿರಲಿಲ್ಲ.

ಹಾಸನದಲ್ಲಿರುವ ನನ್ನ ಬಾಮೈದ ಇದನ್ನೆಲ್ಲ ಒಪ್ಪುವುದಿಲ್ಲ. ಅವನದು ಮೋಟಾರ್ ರಿವೈಂಡಿಂಗ್ ಅಂಗಡಿ. ಕಾಯಿಲ್ ಅಂದರೆ ಕಾಯಿಲ್ ಭಾವ, ಅಂತಾನೆ. ಬೋರ್‌ವೆಲ್ ಮೋಟಾರಿಗೆ ನೀರೆತ್ತಿದರೆ ಸಾಕು. ಗಿಟಾರಿಗೆ ಅಷ್ಟು ಸಾಲದು.

ವಿರೋಧ: ಹೊಸದು ಸಾಕು
(ಬರೆದವರು ಹಾಸನದಲ್ಲಿ ರಿವೈಂಡಿಂಗ್ ಅಂಗಡಿ ನಡೆಸುವವರು)

ನಮ್ಮ ಭಾವ ಒಂದು ವಿಷಯ ಬರೆದಿಲ್ಲ. ಆ ನೆಕ್ ಪಿಕಪ್‌ನ ಅರ್ಧ ಸುತ್ತಿದವನು ನಾನು.

ಎರಡು ವರ್ಷದ ಹಿಂದೆ, ಆಷಾಢದ ಮಳೆ. ಭಾವ ಗಿಟಾರ್ ಹೊತ್ತುಕೊಂಡು ಬೇಲೂರು ಬಸ್ ಹಿಡಿದು ಅಂಗಡಿಗೆ ಬಂದರು. ಮುಖ ಸಪ್ಪಗಿತ್ತು. ನೆಕ್ ಪಿಕಪ್‌ನ ದನಿ ಸೊಳ್ಳೆ ಹಾಗೆ ಆಗಿತ್ತು. ಮುಚ್ಚಳದ ಬೆಸುಗೆ ಬಿಡಿಸಿ ಮೀಟರ್ ಹಿಡಿದೆ. ಒಂದು ಕಾಯಿಲ್‌ನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ವೈರ್ ಒಡ್ಡುವ ತಡೆ, 3.8 ಕಿಲೋ ಓಮ್, ಸರಿ ಇದೆ. ಇನ್ನೊಂದು ಓಪನ್, ಅಂದರೆ ಒಳಗೆ ವೈರ್ ಕಡಿದಿದೆ. ಹತ್ತಿರದಿಂದ ನೋಡಿದರೆ, ವೈರ್ ಶುರುವಾಗುವ ಕಡೆ ಹಸಿರು ಕಿಲುಬು. ಮಲೆನಾಡಿನ ತೇವ ಸುಮ್ನೆ ಬಿಡುತ್ತಾ? ಹಳೇದೇ ಬೇಕು ಅನ್ನುವವರು ಈ ಹಸಿರಿನ ಲೆಕ್ಕ ಹೇಳುವುದೇ ಇಲ್ಲ.

ಇನ್ನೂ ಒಂದು ಕಂಡಿತು. ವೈರ್ ಸುತ್ತುವ ಪ್ಲಾಸ್ಟಿಕ್ ಬಾಬಿನ್‌ನ ನೆತ್ತಿಯ ಮೇಲೆ ಇಂಗ್ಲಿಷಿನ ಟಿ ಅಕ್ಷರ, ಅಚ್ಚಿನಲ್ಲೇ ಬಂದದ್ದು. ಗಿಟಾರಿನವರ ಲೆಕ್ಕದಲ್ಲಿ ಇದು ಟಿ-ಟಾಪ್. 60ರ ದಶಕದ ಮಧ್ಯದಿಂದ ಬಂದ ಮಾಲು. ಅಷ್ಟು ಹೊತ್ತಿಗೆ ಫ್ಯಾಕ್ಟರಿಯಲ್ಲಿ ಸುತ್ತುವ ಕೆಲಸ ಒಂದು ಅಳತೆಗೆ ಬಂದಿತ್ತು. ಒಂದರ ಹಾಗೇ ಇನ್ನೊಂದು, ಎರಡು ಕಾಯಿಲ್ ಸೇರಿ ಹೆಚ್ಚುಕಮ್ಮಿ ಏಳೂವರೆ ಕಿಲೋ ಓಮ್. ಭಾವ ಮೇಲೆ ಬರೆದ ಏರುಪೇರಿನ ಕತೆ 50ರ ದಶಕದ ಪಿಕಪ್‌ಗಳದ್ದು. ಅವರ ಗಿಟಾರಿನದ್ದಲ್ಲ. ಅವತ್ತೇ ಹೇಳಿದೆ. ಭಾವ ಟೀ ಕುಡಿದು ಬರ್ತೀನಿ ಅಂತ ಎದ್ದುಹೋದರು.

ಹಿಂಬದಿಯ ಸ್ಟಿಕರ್ ನೋಡಿ ನಗು ಬಂತು. ಪೇಟೆಂಟ್ ನಂಬರ್ 2,737,842 ಅಂತಿದೆ. ಅದು ಪಿಕಪ್‌ನ ಪೇಟೆಂಟೇ ಅಲ್ಲ! ಗಿಟಾರ್ ವಾದಕ ಲೆಸ್ ಪಾಲ್ ಅವರ ಹೆಸರಿನಲ್ಲಿದ್ದ, ಗಿಟಾರಿನ ತಂತಿ ಕಟ್ಟುವ ಟೇಲ್‌ಪೀಸಿನದ್ದು. ಪಿಕಪ್‌ನದ್ದು 2,896,491. ಅಂದರೆ ಕಂಪನಿಯೇ ಬೇರೆ ನಂಬರ್ ಅಂಟಿಸಿ ವರ್ಷಗಟ್ಟಲೆ ಮಾರಿದೆ. ಈಗ ಇಂಥ ಸ್ಟಿಕರ್‌ಗೂ ನಕಲು ಸಿಗುತ್ತದೆ. ಬಾಬಿನ್ ಬಣ್ಣದ್ದೂ ಇದೇ ಗೋಳು. 1959ರ ಹೊತ್ತಿಗೆ ಕಪ್ಪು ಪ್ಲಾಸ್ಟಿಕ್ ಸಾಲದೆ ಕೆನೆ ಬಣ್ಣದ್ದು ಬಳಸಿದರು, ಅಷ್ಟೇ. ಇವತ್ತು ಎರಡೂ ಕೆನೆ ಬಣ್ಣ ಇದ್ದರೆ ರೇಟು ಇನ್ನೂ ಮೇಲೆ. ಪ್ಲಾಸ್ಟಿಕ್ ಬಣ್ಣ ಕಿವಿಗೆ ಕೇಳುತ್ತಾ?

ಇನ್ನು ಸುತ್ತಿದ ಕತೆ. ಸೀಲಿಂಗ್ ಫ್ಯಾನಿಗೆ ನಾವು ಹಾಕುವುದು 36 ಗೇಜ್ ವೈರ್. ಅದೇ ಸಣ್ಣದು ಅಂತ ಹೊಸ ಹುಡುಗರು ಗೊಣಗುತ್ತಾರೆ. ಪಿಕಪ್‌ನ ವೈರ್ ಅದರ ಮೂರನೇ ಒಂದು ಭಾಗ ದಪ್ಪ, 0.06 ಮಿಲಿಮೀಟರ್ ಚಿಲ್ಲರೆ. ಬೆರಳಲ್ಲಿ ಹಿಡಿದರೆ ಹಿಡಿದ ಹಾಗೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆ. ಫ್ಯಾನ್ ಸುತ್ತುವ ಮೆಷಿನ್‌ನಲ್ಲಿ 900 ಸುತ್ತಿಗೆ ಪಟ್ ಅಂತು. ಮತ್ತೆ ಶುರು ಮಾಡಿದೆ, 2,300ಕ್ಕೆ ಪಟ್. ಕೊನೆಗೆ ಹೊಲಿಗೆ ಮೆಷಿನ್ನಿನ ಸಣ್ಣ ಮೋಟಾರ್ ಕಟ್ಟಿ, ವೈರನ್ನು ಹತ್ತಿ ಬಟ್ಟೆಯ ನಡುವೆ ಹಾಯಿಸಿ, ಫ್ಯಾನ್ ಆಫ್ ಮಾಡಿ, ಅಂಗಡಿ ಬಾಗಿಲು ಎಳೆದುಕೊಂಡು ಕೂತೆ. ಉಸಿರು ಬಿಡಲೂ ಭಯ. ಮೀಟರ್ 3.8 ತೋರಿಸಿದಾಗ ರಾತ್ರಿ ಹನ್ನೊಂದೂವರೆ. ಊಟಕ್ಕೆ ಬೈಗುಳವೇ ಪಲ್ಯ.

ಓಮ್ ಒಂದರಿಂದಲೇ ದನಿ ಗೊತ್ತಾಗುವುದಿಲ್ಲ, ಒಪ್ಪುತ್ತೇನೆ. ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದಕ್ಕೆ ಕಾಯಿಲ್ ಒಡ್ಡುವ ತಡೆ) ಇದೆ, ಅಯಸ್ಕಾಂತ ಇದೆ. ಆದರೆ ಅವೂ ಅಳೆಯುವ ವಿಷಯವೇ. 20 ಅಡಿ ಕೇಬಲ್ ತೆಗೆದು 10 ಅಡಿಯದು ಚುಚ್ಚಿದರೆ ದನಿಯ ಮೇಲ್ತುದಿ ಎಷ್ಟು ಬದಲಾಗುತ್ತದೆ ನೋಡಿ. ಅಷ್ಟಕ್ಕೆ ಖರ್ಚು ಕೆಲವು ನೂರು ರೂಪಾಯಿ. ಅಯಸ್ಕಾಂತ ಹಳೆಯದಾಗಿ ಮೆತ್ತಗಾಗಿದೆ, ಅದಕ್ಕೇ ದನಿ ಸಿಹಿ ಅಂತಲೂ ಕೆಲವರು ಹೇಳುತ್ತಾರೆ. ಅಲ್ನಿಕೊ ಸುಮ್ಮನೆ ಇಟ್ಟ ಮಾತ್ರಕ್ಕೆ ಅಷ್ಟು ಬೇಗ ಶಕ್ತಿ ಕಳೆದುಕೊಳ್ಳುವ ಲೋಹ ಅಲ್ಲ.

ವೈರ್ ಬರುವ ತನಕ ಆ ಜಾಗಕ್ಕೆ ಸ್ನೇಹಿತನ ಹೊಸ ನಕಲು ಪಿಕಪ್ ಹಾಕಿದ್ದೆ. ಭಾವನ ಕೈಲೇ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟೆ. ಹಳೆಯದನ್ನು ಕೂರಿಸಿದ ಮೇಲೆ, ಅದೇ ತಂತಿ, ಅದೇ ಆಂಪ್‌ನಲ್ಲಿ ಇನ್ನೊಂದಷ್ಟು. ದೀಪಾವಳಿಗೆ ಅಕ್ಕನ ಮನೆಗೆ ಹೋದಾಗ ಹತ್ತು ತುಣುಕು ಕೇಳಿಸಿದೆ. ಯಾವುದು ಹಳೇದು ಹೇಳಿ ಭಾವ ಅಂದೆ. ಹತ್ತರಲ್ಲಿ ಆರು ಸರಿ. ಕಣ್ಣು ಮುಚ್ಚಿ ಹೇಳಿದರೂ ಐದು ಬರುತ್ತೆ. 'ಕಿವಿಗಲ್ಲಪ್ಪ, ಕೈಗೆ ಗೊತ್ತಾಗೋದು' ಅಂದರು. ಅದಕ್ಕೆ ನನ್ನ ಹತ್ತಿರ ಮೀಟರ್ ಇಲ್ಲ.

ದುಡ್ಡಿನ ಮಾತು ಹೇಳಿಬಿಡುತ್ತೇನೆ. ನಿಜವಾದ ಪಿಎಎಫ್ ಜೋಡಿಗೆ ಲಕ್ಷಗಟ್ಟಲೆ ರೂಪಾಯಿ ಕೇಳುತ್ತಾರೆ. ಒಳ್ಳೆಯ ಹೊಸ ನಕಲು ಸಾವಿರಗಳಲ್ಲಿ ಮುಗಿಯುತ್ತದೆ. ಆ ನಕಲೂ ಯಾರೋ ದಾರಿಹೋಕರು ಮಾಡಿದ್ದಲ್ಲ. ಹಂಬಕರ್ ಕಂಡುಹಿಡಿದ ಸೆತ್ ಲವರ್ ಅವರೇ 1990ರ ದಶಕದಲ್ಲಿ ಪಿಕಪ್ ತಯಾರಕ ಸೀಮೋರ್ ಡಂಕನ್ ಜೊತೆ ಕೂತು, ತಮ್ಮ ಹೆಸರಿನ ಪಿಕಪ್ ಹೊರತಂದರು. ಅದರಲ್ಲೂ ಮೇಣ ಹಾಕಿಲ್ಲ. ಭಾವ ಹೇಳಿದ ಟಕ್ ಬೇಕೇ ಬೇಕು ಅನ್ನುವವರಿಗೆ ಅದೂ ಹೊಸದರಲ್ಲಿ ಸಿಗುತ್ತದೆ. ನಮ್ಮ ಪೆಂಡಾಲುಗಳಲ್ಲಿ ಅರ್ತಿಂಗ್ ಅಂದರೆ ಒದ್ದೆ ನೆಲಕ್ಕೆ ಚುಚ್ಚಿದ ಒಂದು ಮೊಳೆ. ಉಳಿದ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಆ ಗಾಯಕಿ ತಿರುಗಿ ನೋಡಿದ ರಾತ್ರಿಯ ಗಣಪತಿ ಹಬ್ಬ ಬಂದದ್ದು ನಾನು ಸುತ್ತಿ ಕೊಟ್ಟು ಒಂದು ವರ್ಷ ಆದಮೇಲೆ. ಇದನ್ನು ಭಾವನಿಗೆ ನೆನಪಿಸಿದೆ. 'ಇನ್ನರ್ಧ ಹಳೇದೇ ಇದೆಯಲ್ಲ' ಅಂದರು. ಇನ್ನೊಂದು ಕಡೆಯ ಬ್ರಿಡ್ಜ್ ಪಿಕಪ್ಪೂ ಒಮ್ಮೆ ಬಿಚ್ಚಿ ನೋಡೋಣ, ತೇವ ಹಿಡಿದಿರಬಹುದು ಅಂತ ಎರಡು ಸಲ ಹೇಳಿದ್ದೇನೆ. ಗಿಟಾರ್ ಪೆಟ್ಟಿಗೆಯ ಕೀಲಿ ಈಗ ಅಕ್ಕನ ಹತ್ತಿರ ಇದೆ.