ಶಬ್ದ ಹೋದರೆ ನನಗೆ ಸ್ಕ್ರೀನೇ ಹೋದ ಹಾಗೆ

"ಮನೇಲಿ ಕಣ್ಣು ಕಾಣೋರು ಯಾರಾದ್ರೂ ಇದ್ದಾರಾ ಸರ್? ಅವರಿಗೆ ಫೋನ್ ಕೊಡಿ."

ಕಳೆದ ವಾರ ಒಂದೇ ದಿನ ಈ ಮಾತನ್ನು ಮೂರು ಸಲ ಕೇಳಿದ್ದೇನೆ. ಮೂರನೇ ಸಲ ಕೇಳುವಾಗ ಸಿಟ್ಟಿಗೆ ಕೈ ನಡುಗುತ್ತಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಶಿವಮೊಗ್ಗದಲ್ಲಿ ಮನೆಯಲ್ಲೇ ಕೂತು ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಸಂಶೋಧನೆ ಮಾಡುವವರು ಊರೂರು ತಿರುಗಿ ಜನರ ಮಾತು ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ಆ ಆಡಿಯೋ ಕೇಳಿ ಕನ್ನಡದಲ್ಲಿ ಟೈಪ್ ಮಾಡಿ ಕೊಡುವುದು ನನ್ನ ಕೆಲಸ. ಸ್ಕ್ರೀನ್ ಮೇಲೆ ಇರುವುದನ್ನು ಓದಿ ಹೇಳುವುದಕ್ಕೆ ಎನ್‌ವಿಡಿಎ ಅನ್ನುವ ಸಾಫ್ಟ್‌ವೇರ್ ಇದೆ. ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಶುರು ಮಾಡಿದ್ದು ಅದು. ಇವತ್ತಿಗೂ ಉಚಿತ. ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಒರಟು, ಆದರೆ ನನಗೆ ಅದು ಮನೆಯವರ ದನಿಯಷ್ಟೇ ರೂಢಿಯಾಗಿದೆ.

ಅಂದರೆ ನನ್ನ ಕಂಪ್ಯೂಟರ್‌ನಲ್ಲಿ ಶಬ್ದ ಅನ್ನುವುದು ಹಾಡು ಕೇಳುವುದಕ್ಕೆ, ಸಿನಿಮಾ ನೋಡುವುದಕ್ಕೆ ಇರುವ ಸೌಕರ್ಯ ಅಲ್ಲ. ಅದೇ ನನ್ನ ಮಾನಿಟರ್. ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. "ಸೌಂಡ್ ತಾನೇ ಹೋಗಿರೋದು, ಬೇರೆ ಎಲ್ಲಾ ಸರಿ ಇದೆಯಲ್ಲ" ಅಂದುಬಿಡುತ್ತಾರೆ. ನಿಮ್ಮ ಮಾನಿಟರ್ ಆಫ್ ಮಾಡಿ, "ಬೇರೆ ಎಲ್ಲಾ ಸರಿ ಇದೆ, ಕೆಲಸ ಮಾಡಿ" ಅಂದರೆ ನೀವು ಸುಮ್ನಿರ್ತೀರಾ?

ಆಗಿದ್ದು ಮಂಗಳವಾರ ರಾತ್ರಿ. ಶರಾವತಿ ಮುಳುಗಡೆಯ ಅಜ್ಜಿಯೊಬ್ಬರ ಮಾತು ಟೈಪ್ ಮಾಡುತ್ತಿದ್ದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ ಎಲ್ಲ ಬಿಟ್ಟು ಬಂದವರು. "ಮುಳುಗಡೆ" ಅನ್ನುವ ಪದ ಬರುತ್ತಿದ್ದ ಹಾಗೆ ಅವರ ದನಿ ಸಿಕ್ಕಿಹಾಕಿಕೊಂಡಿತು. "ಳುಳುಳುಳುಳು" ಅಂತ ಒಂದೇ ಸಮನೆ ಕಿವಿ ಕೊರೆಯತೊಡಗಿತು. ಕ್ರ್ಯಾಶ್ ಆದಾಗ ಹೀಗೇ ಆಗುವುದು. ಕೊನೆಯಲ್ಲಿ ನುಡಿದ ತುಣುಕೇ ಮತ್ತೆ ಮತ್ತೆ ಸುತ್ತುತ್ತದೆ. ನಿಮಗೆ ನೀಲಿಯೋ ಕಪ್ಪೋ ಒಂದು ಪರದೆ ಬರುತ್ತದೆ, ಅದರಲ್ಲಿ ಕಾರಣ, ಕೋಡ್ ಏನೋ ಬರೆದಿರುತ್ತದೆ. ನನಗೆ ಬರುವುದು ಆ ಕೊರೆತ ಮಾತ್ರ. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ಪವರ್ ಬಟನ್ ಒತ್ತಿ ಹಿಡಿದೆ. ಫ್ಯಾನ್ ನಿಂತಿತು. ಮತ್ತೆ ಒತ್ತಿದೆ, ಫ್ಯಾನ್ ತಿರುಗಿತು. ಎನ್‌ವಿಡಿಎ ಶುರುವಾಗುವಾಗ ಮೆಟ್ಟಿಲು ಹತ್ತುವ ಹಾಗೆ ಒಂದು ಪುಟ್ಟ ಸ್ವರ ಬರುತ್ತದೆ. ಅದಕ್ಕೆ ಕಾದೆ. ಬರಲಿಲ್ಲ. ಐದು ನಿಮಿಷ ಕಾದೆ. ಬರಲಿಲ್ಲ. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಜೊತೆಗೇ ಬರುವ ಇನ್ನೊಂದು ಓದುವ ದನಿ ಏಳಬೇಕು. ಏಳಲಿಲ್ಲ.

ಸ್ಪೀಕರ್ ಹೋಗಿದೆಯಾ ಅಂತ ಮೊದಲು ನೋಡಿಕೊಂಡೆ. ಅದರ ಪಿನ್ ಕಿತ್ತು ತುದಿಗೆ ಬೆರಳು ಮುಟ್ಟಿಸಿದೆ. "ಗುಂಯ್" ಅಂದಿತು. ಸ್ಪೀಕರ್ ಚೆನ್ನಾಗಿದೆ. ಪಿನ್ ಸರಿಯಾದ ತೂತಿನಲ್ಲೇ ಇತ್ತು, ಕೇಬಲ್‌ಗೆ ದಾರ ಕಟ್ಟಿ ಗುರುತು ಮಾಡಿಟ್ಟಿದ್ದೇನೆ. ಅಂದರೆ ತೊಂದರೆ ಕಂಪ್ಯೂಟರ್ ಡಬ್ಬದ ಒಳಗೇ. ಇಷ್ಟು ಕಂಡುಹಿಡಿಯುವುದಕ್ಕೆ ನನಗೆ ಯಾರ ಕಣ್ಣೂ ಬೇಕಾಗಲಿಲ್ಲ.

ಆಮೇಲೆ ಶುರುವಾಯಿತು ನೋಡಿ ನರಕ. ಪಿನ್ ನಂಬರ್ ಹೊಡೆದೆ. ಒಳಗೆ ಹೋಯಿತೋ ಇಲ್ಲವೋ ಗೊತ್ತಿಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ ಕಂಪ್ಯೂಟರ್ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆಯುವ ಹೆಸರು ಟೈಪ್ ಮಾಡಿ ಎಂಟರ್ ಹೊಡೆದೆ. ತೆರೆಯಿತೋ ಇಲ್ಲವೋ ಗೊತ್ತಿಲ್ಲ. ಆಡಿಯೋ ಸರ್ವಿಸ್ ನಿಲ್ಲಿಸಿ ಮತ್ತೆ ಶುರು ಮಾಡುವ ಕಮಾಂಡ್ ನನಗೆ ಬಾಯಿಪಾಠ. ಅದನ್ನೂ ಹೊಡೆದೆ. ಯಾವ ಕಿಟಕಿಯಲ್ಲಿ ಹೊಡೆಯುತ್ತಿದ್ದೇನೆ? ಆ ಅಜ್ಜಿಯ ಕಡತ ಇನ್ನೂ ತೆರೆದಿದ್ದು ಅದರ ನಡುವೆ ಹೋಗಿ ಬೀಳುತ್ತಿದೆಯಾ? ಡಿಲೀಟ್ ಮಾಡಲಾ ಅಂತ ಅದು ಕೇಳಿ, ನಾನು ಎಂಟರ್ ಹೊಡೆದುಬಿಟ್ಟೆನಾ? ಹಾಗೆ ಅನ್ನಿಸಿದ ಕೂಡಲೇ ಕೀಬೋರ್ಡ್‌ನಿಂದ ಕೈ ತೆಗೆದೆ. ಹನ್ನೆರಡು ವರ್ಷದಿಂದ ಕಂಪ್ಯೂಟರ್ ಬಳಸುತ್ತಿದ್ದೇನೆ. ನನ್ನದೇ ಮೇಜಿನ ಮುಂದೆ ಹಾಗೆ ಹೆದರಿ ಕೂತಿದ್ದು ಅವತ್ತೇ ಮೊದಲು.

ಫೋನ್‌ನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಇದೆ, ಅದರಲ್ಲಿ ಹುಡುಕೋಣ ಅಂದುಕೊಂಡೆ. ಎಷ್ಟು ಲೇಖನ, ಎಷ್ಟು ವಿಡಿಯೋ! ಎಲ್ಲದರಲ್ಲೂ ಮೊದಲ ಹೆಜ್ಜೆ ಒಂದೇ: "ಕೆಳಗೆ ಬಲಗಡೆ ಸ್ಪೀಕರ್ ಗುರುತು ನೋಡಿ." ವಿಡಿಯೋಗಳಂತೂ ಬೇಡವೇ ಬೇಡ. ಅರ್ಧಕ್ಕರ್ಧ ವಿಡಿಯೋಗಳಲ್ಲಿ ಮಾತೇ ಇಲ್ಲ. ಸುಮ್ನೆ ಮ್ಯೂಸಿಕ್ ಹಾಕಿ ಮೌಸ್ ಓಡಿಸಿರುತ್ತಾರೆ. ಮಾತಾಡುವವರು "ಇಲ್ಲಿ ಕ್ಲಿಕ್ ಮಾಡಿ, ಆಮೇಲೆ ಇದನ್ನ ಆಯ್ಕೆ ಮಾಡಿ, ಓಕೆ ಕೊಡಿ" ಅನ್ನುತ್ತಾರೆ. ಇಲ್ಲಿ ಅಂದರೆ ಎಲ್ಲಿ? ಇದು ಅಂದರೆ ಯಾವುದು? ಆ ಬಟನ್ ಹೆಸರು ಬಾಯಲ್ಲಿ ಹೇಳುವುದಕ್ಕೆ ಎರಡು ಸೆಕೆಂಡ್ ಸಾಕು. ಅಷ್ಟೂ ಮಾಡುವುದಿಲ್ಲ. ಶಬ್ದ ಹೋದ ಕಂಪ್ಯೂಟರ್ ರಿಪೇರಿ ಮಾಡುವ ವಿಡಿಯೋ ಇದು. ಶಬ್ದ ಹೋದರೆ ಎಲ್ಲರಿಗಿಂತ ಜಾಸ್ತಿ ಒದ್ದಾಡುವವರು ಯಾರು ಅಂತ ಇವರಲ್ಲಿ ಒಬ್ಬರಿಗೂ ಹೊಳೆದಿಲ್ಲ.

ಬುಧವಾರ ಬೆಳಿಗ್ಗೆ ಸಹಾಯವಾಣಿಗೆ ಫೋನ್ ಮಾಡಿದೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. "ಸ್ಕ್ರೀನ್ ಮೇಲೆ ಏನು ಬಂದಿದೆ ಓದಿ ಸರ್" ಅಂದರು. ಕಣ್ಣು ಕಾಣುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಸ್ಪೀಕರ್ ಪಿನ್ ಹಸಿರು ಬಣ್ಣದ ತೂತಿಗೆ ಹಾಕಿದ್ದೀರಾ ಸರ್?" ಅಂದರು. ಈಗಷ್ಟೇ ಹೇಳಿದ್ದೇನೆ ಕಣ್ಣು ಕಾಣುವುದಿಲ್ಲ ಅಂತ! ಅದಾದ ಮೇಲೆ ಬಂತು ಆ ಮಾತು, ಮನೇಲಿ ಕಣ್ಣು ಕಾಣೋರು ಇದ್ದಾರಾ ಅಂತ. ಅವತ್ತು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಬೇರೆ ಬೇರೆಯವರು ಎತ್ತಿದರು. ಮೂವರದೂ ಅದೇ ಮಾತು.

ನನ್ನ ಹೆಂಡತಿಗೆ ಕಣ್ಣು ಕಾಣುತ್ತದೆ. ಆದರೆ ಅವಳಿಗೆ ಕಂಪ್ಯೂಟರ್ ಗೊತ್ತಿಲ್ಲ. ಸಂಜೆ ಅವಳು ಫೋನ್ ಹಿಡಿದುಕೊಂಡಳು, ಬೆಂಗಳೂರಿನಿಂದ ಅಕ್ಕನ ಮಗಳು ವಿಡಿಯೋ ಕಾಲ್‌ನಲ್ಲಿ ನೋಡಿ ಹೇಳಿದಳು. "ಮಾಮ, ಸ್ಪೀಕರ್ ಗುರುತಿನ ಮೇಲೆ ಕೆಂಪು ಕ್ರಾಸ್ ಇದೆ. ಆಡಿಯೋ ಡಿವೈಸೇ ಇಲ್ಲ ಅಂತಿದೆ." ಡಿವೈಸ್ ಮ್ಯಾನೇಜರ್ ಪಟ್ಟಿಯಲ್ಲಿ ಸೌಂಡ್ ಚಿಪ್‌ನ ಹೆಸರೇ ಇರಲಿಲ್ಲ. ಹೊಸದಾಗಿ ಸ್ಕ್ಯಾನ್ ಮಾಡಿಸಿದರೂ ಬರಲಿಲ್ಲ. ಆ ಚಿಪ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಹಾಕಲು ಹೋದರೆ ಅಂಥ ಚಿಪ್ಪೇ ಇಲ್ಲ ಅಂದಿತು. "ಇನ್ನು ಬಯೋಸ್‌ಗೆ ಹೋಗಿ ನೋಡಬೇಕಂತೆ ಮಾಮ, ಅಲ್ಲಿ ಸೌಂಡ್ ಆಫ್ ಆಗಿರಬಹುದು" ಅಂದಳು.

ಬಯೋಸ್. ಈ ಪದ ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತದೆ. ಕಂಪ್ಯೂಟರ್ ಆನ್ ಆದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿದರೆ ಬರುವ ಪರದೆ ಅದು. ಎನ್‌ವಿಡಿಎ ಏಳುವುದು ವಿಂಡೋಸ್ ಎದ್ದ ಮೇಲೆ. ಬಯೋಸ್ ಬರುವುದು ಅದಕ್ಕೂ ಮೊದಲು. ಅಲ್ಲಿ ನನಗೆ ಓದಿ ಹೇಳುವವರು ಯಾರೂ ಇಲ್ಲ. ಹಿಂದಿನ ಡಬ್ಬಗಳಲ್ಲಿ ಒಂದು ಸಣ್ಣ ಬೀಪ್ ಸ್ಪೀಕರ್ ಆದರೂ ಇರುತ್ತಿತ್ತು. ಆನ್ ಆದಾಗ ಒಂದು ಸಲ "ಬೀಪ್" ಅಂದರೆ ಯಂತ್ರ ಸರಿಯಾಗಿ ಎದ್ದಿದೆ ಅಂತ ತಿಳಿಯುತ್ತಿತ್ತು. ನನ್ನ ಈಗಿನ ಡಬ್ಬದಲ್ಲಿ ಅದನ್ನೂ ಹಾಕಿಲ್ಲ. ಹೊರಗೆ ಲೈಟ್ ಮಾತ್ರ ಜಾಸ್ತಿ ಹಾಕಿದ್ದಾರೆ, ಬಣ್ಣ ಬಣ್ಣದ್ದಂತೆ. ಅದಕ್ಕೂ ಸೇರಿಸಿಯೇ ನಾನು ದುಡ್ಡು ಕೊಟ್ಟಿದ್ದೇನೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಏನು ಹೇಳುತ್ತದೆ ಗೊತ್ತಾ? ದಿನನಿತ್ಯ ಬಳಸುವ ಎಲೆಕ್ಟ್ರಾನಿಕ್ ವಸ್ತುಗಳು ಎಲ್ಲರೂ ಬಳಸುವಂಥ ವಿನ್ಯಾಸದಲ್ಲಿ ಸಿಗುವ ಹಾಗೆ ಸರ್ಕಾರ ನೋಡಿಕೊಳ್ಳಬೇಕು ಅಂತ. ಕಾಯ್ದೆ ಜಾರಿಗೆ ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಇಷ್ಟು ವರ್ಷ ಆದ ಮೇಲೂ ನನ್ನ ಸ್ವಂತ ಕಂಪ್ಯೂಟರ್‌ನ ಮೊದಲ ಪರದೆ ನನಗೆ ಮೂಗ. ಬ್ರೈಲ್ ಡಿಸ್‌ಪ್ಲೇ ಇದ್ದಿದ್ದರೆ ವಿಂಡೋಸ್ ಒಳಗಾದರೂ ಬೆರಳಿನಿಂದ ಓದಿಕೊಳ್ಳುತ್ತಿದ್ದೆ. ಅದನ್ನು ಕೊಳ್ಳಲು ಹೋದರೆ ನನ್ನ ಇಡೀ ಕಂಪ್ಯೂಟರಿಗಿಂತ ಜಾಸ್ತಿ ದುಡ್ಡು ಬೇಕು.

ಗುರುವಾರ ರಿಪೇರಿಯವರು ಮನೆಗೆ ಬಂದರು. ಬಾಗಿಲು ತೆಗೆದು ಒಳಗೆ ಕರೆದದ್ದು ನಾನು. ತೊಂದರೆ ಏನು ಅಂತ ಮೊದಲಿನಿಂದ ಹೇಳಿದ್ದೂ ನಾನು. ಆತ ಮಾತಾಡಿದ್ದೆಲ್ಲ ನನ್ನ ಹೆಂಡತಿಯ ಜೊತೆ. "ಮೇಡಂ, ಇವರು ಏನೇನೋ ಒತ್ತಿಬಿಟ್ಟಿರಬೇಕು." ನಾನು ಎರಡು ಅಡಿ ದೂರದಲ್ಲಿ ಕೂತಿದ್ದೇನೆ! ಅವಳು "ನಂಗೇನೂ ಗೊತ್ತಿಲ್ಲ, ಅವರನ್ನೇ ಕೇಳಿ" ಅಂದಳು. ಆದರೂ ಆತ ನನ್ನ ಕಡೆ ತಿರುಗಲಿಲ್ಲ. ದನಿ ಯಾವ ದಿಕ್ಕಿನಿಂದ ಬರುತ್ತದೆ ಅಂತ ನನಗೆ ಗೊತ್ತಾಗುವುದಿಲ್ವಾ?

ಇಪ್ಪತ್ತು ನಿಮಿಷ ಮೌಸ್ ಟಕಟಕ ಅನ್ನಿಸಿದರು. ಎರಡು ಸಲ ಶಟ್ ಡೌನ್ ಮಾಡಿ ಆನ್ ಮಾಡಿದರು. ಪ್ಲಗ್ ಮುಟ್ಟಲಿಲ್ಲ, ಡಬ್ಬ ಬಿಚ್ಚಲಿಲ್ಲ. "ಸೌಂಡ್ ಚಿಪ್ ಸುಟ್ಟಿದೆ ಮೇಡಂ. ಬೋರ್ಡೇ ಬದಲಾಯಿಸಬೇಕು. 6,500 ಆಗುತ್ತೆ." ಬಂದಿದ್ದಕ್ಕೆ 400 ರೂಪಾಯಿ ತೆಗೆದುಕೊಂಡು ಹೋದರು. ಆ 6,500 ದುಡಿಯಬೇಕಾದರೆ ನಾನು ಎಷ್ಟು ಗಂಟೆ ಆಡಿಯೋ ಕೇಳಬೇಕು ಅಂತ ಅವರಿಗೇನು ಗೊತ್ತು.

ರಾತ್ರಿ ಹಾಸನದ ಗೆಳೆಯನಿಗೆ ಫೋನ್ ಮಾಡಿದೆ. ಅಂಧರ ಶಾಲೆಯ ಹಾಸ್ಟೆಲ್‌ನಲ್ಲಿ ಜೊತೆಗಿದ್ದವನು. ಈಗ ಬ್ಯಾಂಕಿನಲ್ಲಿದ್ದಾನೆ. ಅವನಿಗೂ ಕಣ್ಣು ಕಾಣುವುದಿಲ್ಲ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: "ಲೇ, ಕ್ರ್ಯಾಶ್ ಆದ್ಮೇಲೆ ವೈರ್ ಕಿತ್ತಿದ್ಯೇನೋ?"

ಇಲ್ಲ. ಯಾರೂ ಕಿತ್ತಿರಲಿಲ್ಲ. ಕಂಪ್ಯೂಟರ್ ಯುಪಿಎಸ್‌ಗೆ ಸಿಕ್ಕಿಸಿದ್ದು, ಯುಪಿಎಸ್ ಸದಾ ಆನ್.

"ಹಿಂದಿನ ವೈರ್ ಪೂರ್ತಿ ಕೀಳು. ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿ. ಐದು ನಿಮಿಷ ಬಿಟ್ಟು ವೈರ್ ಸಿಕ್ಸಿ ಆನ್ ಮಾಡು ಕಣೋ."

ಹಾಗೇ ಮಾಡಿದೆ. ಬಟನ್ ಒತ್ತಿ ಹಿಡಿದು ಮೂವತ್ತರವರೆಗೆ ಎಣಿಸಿದೆ. ವೈರ್ ಸಿಕ್ಕಿಸಿದೆ, ಆನ್ ಮಾಡಿದೆ. ಫ್ಯಾನ್ ತಿರುಗಿತು. ಪಿನ್ ಹೊಡೆದೆ. ಮೇಜಿನ ಅಂಚು ಹಿಡಿದುಕೊಂಡು ಕೂತೆ.

ಮೆಟ್ಟಿಲು ಹತ್ತುವ ಆ ಸ್ವರ ಬಂತು.

ನಾನು ಅತ್ತುಬಿಟ್ಟೆ. ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಇತ್ತು ಅದರಲ್ಲಿ.

ಗೆಳೆಯ ಆಮೇಲೆ ಬಿಡಿಸಿ ಹೇಳಿದ. ಶಟ್ ಡೌನ್ ಮಾಡಿದರೂ ಡಬ್ಬದೊಳಗಿನ ಮುಖ್ಯ ಬೋರ್ಡ್‌ಗೆ, ಅಂದರೆ ಮದರ್‌ಬೋರ್ಡ್‌ಗೆ, 5 ವೋಲ್ಟ್‌ನ ಸಣ್ಣ ಕರೆಂಟ್ ಹರಿಯುತ್ತಲೇ ಇರುತ್ತದೆ, ಬಟನ್ ಒತ್ತಿದ ತಕ್ಷಣ ಏಳಲಿ ಅಂತ. ಕ್ರ್ಯಾಶ್‌ನಲ್ಲಿ ಸಿಕ್ಕಿಹಾಕಿಕೊಂಡ ಸೌಂಡ್ ಚಿಪ್ ಕೆಲವು ಸಲ ಆ ಕರೆಂಟಿನಲ್ಲೇ ಹಾಗೇ ಕೂತುಬಿಡುತ್ತದೆ. ಎಷ್ಟು ಸಲ ರಿಸ್ಟಾರ್ಟ್ ಮಾಡಿದರೂ, ಯಾವ ಡ್ರೈವರ್ ಹಾಕಿದರೂ ಏಳುವುದಿಲ್ಲ. ವೈರ್ ಕಿತ್ತು, ಬಟನ್ ಒತ್ತಿ, ಒಳಗೆ ಉಳಿದ ಕರೆಂಟನ್ನೂ ಖಾಲಿ ಮಾಡಿದರೆ ಚಿಪ್ ಮೊದಲಿನಿಂದ ಶುರುವಾಗುತ್ತದೆ. ಅಷ್ಟೇ.

ಅಷ್ಟೇ! ಕಣ್ಣು ಬೇಡ, ಸ್ಕ್ರೀನ್ ಬೇಡ, ಕೆಂಪು ಕ್ರಾಸ್ ನೋಡುವುದು ಬೇಡ. ಕೈಯಿಂದ ಮಾಡುವ ಕೆಲಸ. ಸಹಾಯವಾಣಿಯ ಮೂವರಲ್ಲಿ ಒಬ್ಬರಾದರೂ ಮೊದಲ ನಿಮಿಷದಲ್ಲೇ ಇದನ್ನು ಹೇಳಬಹುದಿತ್ತು. ರಿಪೇರಿಯವರು ಬೋರ್ಡ್ ಸುಟ್ಟಿದೆ ಅನ್ನುವ ಮೊದಲು ಒಂದು ವೈರ್ ಕಿತ್ತು ನೋಡಬಹುದಿತ್ತು. ನನ್ನಿಂದ ಆಗುವ ಕೆಲಸವನ್ನು ನನಗೆ ಹೇಳುವ ಬದಲು, ನನ್ನಿಂದ ಆಗದ್ದನ್ನೇ ಮೂರು ದಿನ ಕೇಳಿದರು.

ಇನ್ನೂ ಒಂದು ವಿಷಯ ಗೆಳೆಯನೇ ಹೇಳಿದ್ದು. ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡ್ ಸಿಗುತ್ತದೆ. ಅದರೊಳಗೇ ಬೇರೆ ಚಿಪ್ ಇರುವುದರಿಂದ ಮದರ್‌ಬೋರ್ಡಿನದು ಕೆಟ್ಟರೂ ದನಿ ಬರುತ್ತದೆ. ಅಕ್ಕನ ಮಗಳು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ 300 ರೂಪಾಯಿಗೆ ಒಂದು ತಂದು ಕೊರಿಯರ್ ಮಾಡಿದ್ದಾಳೆ. ಈಗ ಮೇಜಿನ ಡ್ರಾಯರ್‌ನಲ್ಲಿದೆ. ನನ್ನ ಹಾಗೆ ಸ್ಕ್ರೀನ್ ರೀಡರ್ ನಂಬಿಕೊಂಡವರು ದಯವಿಟ್ಟು ಒಂದು ತಂದಿಟ್ಟುಕೊಳ್ಳಿ. ಕಂಪ್ಯೂಟರ್ ಮಾರುವಾಗಲೇ ಅಂಗಡಿಯವರು ಈ ಮಾತು ಹೇಳಿದ್ದರೆ ನನಗೆ ಮೂರು ದಿನ ಉಳಿಯುತ್ತಿತ್ತು.

ಅಜ್ಜಿಯ ಕಡತ ಉಳಿದಿತ್ತು. ಕೊನೆಯ ಎರಡು ಪುಟ ಮಾತ್ರ ಹೋಗಿದೆ. ಮುಳುಗಡೆ ಅನ್ನುವಲ್ಲಿಂದ ಮತ್ತೆ ಕೇಳುತ್ತಿದ್ದೇನೆ. ಕೆಲಸ ಕೊಡುವ ಗಡುವು ಶುಕ್ರವಾರಕ್ಕೇ ಮುಗಿಯಿತು.

ನಿನ್ನೆ ರಿಪೇರಿಯವರ ಫೋನ್ ಬಂತು. "ಬೋರ್ಡ್ ಬಂದಿದೆ ಸರ್, ಯಾವಾಗ ಬರ್ಲಿ?" ಅಂದರು. ಬೇಡ, ಸರಿಹೋಯಿತು, ನಾನೇ ಸರಿ ಮಾಡಿಕೊಂಡೆ ಅಂದೆ. ಅವರು ನಂಬಲಿಲ್ಲ.

"ಒಂದ್ನಿಮಿಷ ಮೇಡಂಗೆ ಫೋನ್ ಕೊಡಿ ಸರ್."